ಐತಪ್ಪಣ್ಣನ ಗಂಟಲು ಪಳಗಿದ್ದು

ನಮ್ಮ ಊರಿನ ಬಂದರಿನ ಗೇಟಿಗೆ ಹೊಸ ಸಾಮಾನು ಕಂಡರೆ ಆಗುವುದಿಲ್ಲ. ಗೇಟು ಅಂದರೆ ಭಾರೀ ಏನಲ್ಲ. ಕಸ್ಟಮ್ಸ್ ಅಂಗಳದ ಬಾಯಲ್ಲಿ ರಸ್ತೆಗೆ ಅಡ್ಡ ಮಲಗಿರುವ ಒಂದು ಮರದ ಕಂಬ, ಅದಕ್ಕೊಂದಿಷ್ಟು ಕೆಂಪು ಬಿಳಿ ಬಣ್ಣ. ಹಡಗಿನಿಂದ ಇಳಿದ ಸಾಮಾನನ್ನು ಅದರ ಎದುರು ತಂದು ನಿಲ್ಲಿಸಿದಾಗ, ಸಾಮಾನು ಬಳಸಿ ಹಳತಾಗಿದ್ದರೆ ಕಂಬ ತನ್ನಷ್ಟಕ್ಕೆ ಏಳುತ್ತದೆ. ಹೊಸದಾಗಿದ್ದರೆ ಏಳುವುದಿಲ್ಲ. ಜನರು ಪಕ್ಕದ ಸಂದಿಯಲ್ಲಿ ಹೋಗಿ ಬಂದು ಮಾಡಬಹುದು, ದನಕರುಗಳೂ ಹೋಗುತ್ತವೆ. ಆದರೆ ಆ ಸಂದಿಯಲ್ಲಿ ಹೊಸ ರೇಡಿಯೊವನ್ನೋ ಮಿಕ್ಸಿಯನ್ನೋ ಸೆರಗಿನಡಿ ಮುಚ್ಚಿಕೊಂಡು ದಾಟಿಸಿದವರ ಗತಿ ಊರಿಗೇ ಗೊತ್ತು. ಮನೆಗೆ ಹೋದ ಮೇಲೆ ಯಾವ ಗುಂಡಿ ಒತ್ತಿದರೂ ಅದು ಜಪ್ಪಯ್ಯ ಅಂದರೂ ಕದಲುವುದಿಲ್ಲ. ವಾಪಸ್ ತಂದು ಸರತಿಯ ಕೊನೆಯಲ್ಲಿ ಇಡಬೇಕಾಗುತ್ತದೆ.

ನಮ್ಮ ದೊಡ್ಡ ಸಾಹೇಬರ ಹೆಸರು ರೆಬೆಲ್ಲೊ. ವರ್ಗವಾಗಿ ಬಂದ ಹೊಸದರಲ್ಲಿ ಅವರಿಗೂ ಕಾನೂನಿನ ಬಿಸಿ ಇತ್ತು. ಸುಂಕ ಕಟ್ಟಿಯಾಗಿದೆ, ಸೀಲು ಬಿದ್ದಾಗಿದೆ, ಇನ್ನು ಯಾತಕ್ಕೆ ತಡ ಎಂದು ಕಂಬಕ್ಕೆ ಹಗ್ಗ ಬಿಗಿದು ಕೂಲಿಯವರಿಂದ ಎಳೆಸಿದರು. ಹಗ್ಗ ತುಂಡಾಯಿತು. ಮರುದಿನ ಪೇಟೆಯಿಂದ ಗರಗಸ ತರಿಸಿದರು. ಅದೂ ಹೊಸದೇ ಆದ್ದರಿಂದ ಅದರ ಹಲ್ಲು ಕಂಬಕ್ಕೆ ತಾಗಲು ಒಪ್ಪಲಿಲ್ಲ. ಅಲ್ಲಿಗೆ ಸಾಹೇಬರು ತಣ್ಣಗಾದರು. ಈಗ ಹೊರದೇಶದ ಕಂಪನಿಯವರು ಫೋನು ಮಾಡಿ, ನಾವು ಕಳಿಸಿದ ಕಂಪ್ಯೂಟರುಗಳು ನಿಮ್ಮ ಕಸ್ಟಮ್ಸಿನಲ್ಲಿ ಯಾಕಿಷ್ಟು ಕಾಲ ಕೊಳೆಯುತ್ತಿವೆ ಎಂದು ರೇಗಿದರೆ, ಸಾಹೇಬರು ಬಹಳ ಸಮಾಧಾನದಿಂದ, ಕೊಳೆಯುತ್ತಾ ಇಲ್ಲ, ಅದೇ ತೊಂದರೆ, ಇನ್ನೂ ಹೊಸದಾಗಿಯೇ ಉಂಟು ಎನ್ನುತ್ತಾರೆ.

ಆ ಹೊಸದನ್ನು ಹಳತು ಮಾಡುವ ಕೆಲಸ ನಮ್ಮದು. ನಮ್ಮನ್ನು ಪಳಗಿಸುವವರು ಎಂದು ಕರೆಯುತ್ತಾರೆ. ಹೊಸ ಕಾವಲಿಯಲ್ಲಿ ಮೊದಲ ದಿನವೇ ದೋಸೆ ಎದ್ದು ಬರುತ್ತದೆಯೇ? ಎಣ್ಣೆ ಸವರಿ, ಈರುಳ್ಳಿ ತಿಕ್ಕಿ, ನಾಲ್ಕು ದೋಸೆ ಹಾಳುಮಾಡಿ ಅದನ್ನು ದಾರಿಗೆ ತರುವುದಿಲ್ಲವೇ? ಇದೂ ಹಾಗೆಯೇ. ಅಂಗಳದ ಉದ್ದಕ್ಕೂ ತಗಡಿನ ಮಾಡು, ಅದರಡಿ ಸಾಲಾಗಿ ಫ್ರಿಜ್ಜುಗಳು. ಒಂದರಲ್ಲಿ ನಮ್ಮೆಲ್ಲರ ಮಾವಿನ ಉಪ್ಪಿನಕಾಯಿ, ಇನ್ನೊಂದರಲ್ಲಿ ಸಾಹೇಬರ ಮನೆಯ ಮೊಸರು. ವಾಷಿಂಗ್ ಮಷೀನುಗಳಲ್ಲಿ ಬಂದರಿನ ಕೂಲಿಯವರ ಬನಿಯನ್ನುಗಳು ಗಿರಗಿರ ತಿರುಗುತ್ತಿರುತ್ತವೆ. ಟೀವಿಗಳ ಎದುರು ಊರಿನ ಅಜ್ಜಿಯರು ಬೆಳಗ್ಗೆಯೇ ಚಾಪೆ ಹಾಸಿ ಕೂತು, ಒಬ್ಬೊಬ್ಬರೂ ಒಂದೊಂದು ಧಾರಾವಾಹಿ ನೋಡುತ್ತಾ ನಡುನಡುವೆ ಕಥೆ ಬದಲಾಯಿಸಿಕೊಳ್ಳುತ್ತಾರೆ. ನನ್ನ ಜೊತೆಗಾರ ಮೋನು ಬ್ಯಾರಿ ಮೊಣಕೈವರೆಗೆ ಕೈಗಡಿಯಾರ ಕಟ್ಟಿಕೊಂಡು, ಜೇಬಿನ ತುಂಬ ಫೋನು ತುಂಬಿಕೊಂಡು ಓಡಾಡುತ್ತಾನೆ. ಎಡವಿ ಬೀಳುವುದು ಅವನ ಕೆಲಸದ ಭಾಗ. ಸಂಬಳ ಕೊಟ್ಟು ಬೀಳಿಸುವ ಆಫೀಸು ಬೇರೆ ಎಲ್ಲಿದೆ ಎಂದು ಅವನೇ ನಗುತ್ತಾನೆ.

ನಮ್ಮಲ್ಲಿರುವುದು ಒಂದೇ ಕಟ್ಟುನಿಟ್ಟು. ಸಾಮಾನಿನ ಒಡೆಯರು ಕಂಬ ಏಳುವವರೆಗೆ ಅದನ್ನು ಮುಟ್ಟುವ ಹಾಗಿಲ್ಲ. ಒಡೆಯನ ಕೈ ತಾಗಿತೋ, ಹೊಸದು ಇನ್ನಷ್ಟು ಹೊಸದಾಗಿಬಿಡುತ್ತದೆ. ರಿಮೋಟಿಗೆ ಸುತ್ತಿ ಬಂದ ಪ್ಲಾಸ್ಟಿಕ್ಕನ್ನು ಅದು ಹರಿದು ಚಿಂದಿಯಾಗುವವರೆಗೂ ಬಿಚ್ಚದ ಜನ ನಮ್ಮವರು, ಅವರ ಕೈಯಲ್ಲಿ ಯಾವುದು ತಾನೆ ಹಳತಾದೀತು? ಹೋದ ವರ್ಷ ಒಬ್ಬಾಕೆ, ನನ್ನ ಮಿಕ್ಸಿಯನ್ನು ಬರೀ ನೋಡಿ ಹೋಗುತ್ತೇನೆ ಅಂತ ಬಂದವಳು, ತಡೆಯಲಾರದೆ ಸೆರಗಿನಿಂದ ಒಮ್ಮೆ ಒರೆಸಿಬಿಟ್ಟಳು. ನಾವು ಅದರಲ್ಲಿ ಅರೆದಿದ್ದ ಅಷ್ಟೂ ಮಸಾಲೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಮತ್ತೆ ಮೊದಲಿನಿಂದ ಅರೆದೆವು.

ನನ್ನ ಪಾಲಿಗೆ ಬರುವುದು ಸದ್ದು ಮಾಡುವ ಸಾಮಾನು. ಕಾರಣ ನನ್ನ ಬಾಯಿ. ದುಗ್ಗಕ್ಕನ ಕೈಗೆ ಸಿಕ್ಕಿದ ಫೋನು ವಾರದೊಳಗೆ ಮುದಿಯಾಗುತ್ತದೆ ಎಂದು ಅಂಗಳದಲ್ಲಿ ಎಲ್ಲರೂ ಹೇಳುತ್ತಾರೆ, ನಾನೂ ಹೇಳಿಕೊಳ್ಳುತ್ತೇನೆ. ಮೈಕು ಬಂದರೆ ಊರಿನ ಅಷ್ಟೂ ಸುದ್ದಿಯನ್ನು ಅದರಲ್ಲಿ ಓದುತ್ತೇನೆ, ರೇಡಿಯೊ ಬಂದರೆ ಅದು ಹೇಳಿದ್ದಕ್ಕೆಲ್ಲ ಎದುರುತ್ತರ ಕೊಡುತ್ತೇನೆ. ಬೈಗುಳ ಬೇಕಾದಲ್ಲಿ ಬೈಗುಳ, ಹಾಡು ಬೇಕಾದಲ್ಲಿ ಹಾಡು. ನನ್ನ ಬಾಯಿಗೆ ಸೋಲದ ಮಷೀನು ಇನ್ನೂ ಹುಟ್ಟಿಲ್ಲ ಎಂಬ ಜಂಬ ನನಗೆ ಚೆನ್ನಾಗಿಯೇ ಇತ್ತು. ಆ ಜಂಬದ ಕೊಂಬು ಮುರಿದದ್ದು ಐತಪ್ಪಣ್ಣನ ಗಂಟಲು.

ಐತಪ್ಪಣ್ಣ ನಮ್ಮ ಮೀನಿನ ದಕ್ಕೆಯಲ್ಲಿ ಏಲಂ ಕೂಗುವವರು, ಮೀನು ಹರಾಜು ಹಾಕುವವರು. ದಕ್ಕೆ ಅಂದರೆ ದೋಣಿಗಳು ಬಂದು ಮೀನಿಳಿಸುವ ಜಾಗ. ಅದು ನಮ್ಮ ಗೇಟಿನ ಹೊರಗೆ, ಕೂಗಿದರೆ ಕೇಳುವಷ್ಟು ಹತ್ತಿರ. ಅಲ್ಲಿನ ಕಲ್ಲಿನ ಕಟ್ಟೆಯ ಮೇಲೆ ನಿಂತು ಅವರು ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ, ಅಂಜಲ್ ಕೂಗುತ್ತಿದ್ದರೆ, ಮೀನು ತಿನ್ನದ ಭಟ್ಟರು ಕೂಡ ರಸ್ತೆಯಲ್ಲಿ ನಿಂತು ಕೇಳಿ ಹೋಗುತ್ತಿದ್ದರು. ಕೊಳ್ಳುವವರನ್ನು ಅವರು ಗೇಲಿ ಮಾಡುವುದೇ ಒಂದು ಆಟವಾಗಿತ್ತು. ಜಿಪುಣನನ್ನು ಜಿಪುಣ ಎಂದು ಮುಖಕ್ಕೇ ಹೇಳಿ ಅವನಿಂದಲೇ ಹೆಚ್ಚು ಕೂಗಿಸುವುದು ಅವರಿಗೆ ಮಾತ್ರ ಬರುತ್ತಿತ್ತು. ಅಂಥವರ ಗಂಟಲಿಗೆ ಕಾಯಿಲೆ ಬಂತು. ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಗಿ ಜೀವ ಉಳಿಯಿತು, ದನಿ ಉಳಿಯಲಿಲ್ಲ. ಬಾಯಿ ಆಡುತ್ತದೆ, ನಾಲಗೆ ಹೊರಳುತ್ತದೆ, ಸದ್ದು ಮಾತ್ರ ಇಲ್ಲ.

ಅಂದಿನಿಂದ ಅವರ ಮಾತೆಲ್ಲ ಹೆಂಡತಿ ಬೇಬಿಯಕ್ಕನ ಮೂಲಕ. ಐತಪ್ಪಣ್ಣ ಕೈ ಆಡಿಸುತ್ತಾರೆ, ಬೇಬಿಯಕ್ಕ ಅರ್ಥ ಹೇಳುತ್ತಾರೆ. ಅವರು ಹೇಳುವ ಅರ್ಥ ಯಾವಾಗಲೂ ಕೈ ಆಡಿಸಿದ್ದಕ್ಕಿಂತ ಉದ್ದ. ಒಮ್ಮೆ ಕ್ಷೌರದಂಗಡಿಯಲ್ಲಿ ಐತಪ್ಪಣ್ಣ ಎರಡು ಬೆರಳು ತೋರಿಸಿದ್ದಕ್ಕೆ ಬೇಬಿಯಕ್ಕ ಬಾಗಿಲಲ್ಲೇ ನಿಂತು ಅವರ ಭಾವನ ಮನೆಯ ಆಸ್ತಿ ಜಗಳವನ್ನು ಪೂರ್ತಿ ವಿವರಿಸಿದರು. ಪಾಪ, ಅವರು ಕೇಳಿದ್ದು ಮೀಸೆಯನ್ನು ಎರಡು ಬೆರಳಷ್ಟು ಬಿಡು ಅಂತ. ಊರೇ ನಕ್ಕಿತು, ಐತಪ್ಪಣ್ಣನೂ ನಕ್ಕರು. ಸದ್ದಿಲ್ಲದ ಆ ನಗುವನ್ನು ಮಾತ್ರ ನನಗೆ ನೋಡಲಾಗುತ್ತಿರಲಿಲ್ಲ, ಮುಖ ಆಚೆ ತಿರುಗಿಸುತ್ತಿದ್ದೆ.

ಬೇಬಿಯಕ್ಕನ ತಂಗಿಯ ಮಗಳು ಹೊರದೇಶದಲ್ಲಿ ನರ್ಸು. ಅವಳು ಒಂದು ಮಷೀನು ಕಳಿಸಿದಳು. ನೋಡಲಿಕ್ಕೆ ಸಣ್ಣ ಟಾರ್ಚು. ಗಂಟಲಿಗೆ ಒತ್ತಿಹಿಡಿದು ಗುಂಡಿ ಅಮುಕಿ, ಸದ್ದು ಹೊರಡಿಸದೆ ಬಾಯಿ ಮಾತ್ರ ಆಡಿಸಿದರೆ ಆಯಿತು. ಮಷೀನಿನ ದನಿ ಬಾಯಲ್ಲಿ ಮಾತಾಗಿ ಹೊರಗೆ ಬರುತ್ತದೆ. ತಗಡಿನ ಡಬ್ಬಿಯೊಳಗೆ ದುಂಬಿ ಸಿಕ್ಕಿಬಿದ್ದ ಹಾಗೆ ಇರುತ್ತದೆ ಆ ದನಿ, ಆದರೆ ಮಾತು ಸ್ಪಷ್ಟ. ಹಡಗು ಬಂತು, ಪೆಟ್ಟಿಗೆ ಇಳಿಯಿತು, ಸಾಹೇಬರು ಸುಂಕವನ್ನೂ ಮನ್ನಾ ಮಾಡಿದರು. ಕಂಬ ಅಲುಗಲಿಲ್ಲ. ಅಲುಗುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಸಾಹೇಬರು ಮಷೀನನ್ನು ನನ್ನ ಕೈಗೆ ಕೊಟ್ಟು, ದುಗ್ಗಕ್ಕ, ಇದು ನಿಮ್ಮದೇ ಎಂದರು. ಐತಪ್ಪಣ್ಣ ಕಂಬದಾಚೆ ನಿಂತು ಎರಡೂ ಕೈ ಮುಗಿದರು. ಬೇಬಿಯಕ್ಕನ ಪ್ರಕಾರ ಅದರ ಅರ್ಥ, ಈ ಉಪಕಾರವನ್ನು ಏಳು ಜನ್ಮಕ್ಕೂ ಮರೆಯುವುದಿಲ್ಲ, ನಿನ್ನೆ ತಂದ ಬಸಳೆ ಚೆನ್ನಾಗಿರಲಿಲ್ಲ.

ನಾನು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರುಮಾಡಿದೆ. ಇದು ಐತಪ್ಪಣ್ಣನ ದನಿ, ಇದರಲ್ಲಿ ಹಾಳುಮೂಳು ಆಡಬಾರದು ಎಂದು ಮೊದಲೇ ನಿಶ್ಚಯಿಸಿದ್ದೆ. ಅಂಥ ಮನುಷ್ಯ, ಅಷ್ಟು ಕಷ್ಟ ಕಂಡವರು. ಹಾಗಾಗಿ ಒಳ್ಳೆಯ ಮಾತೇ ಆಡಿದೆ. ನೆಂಟರಿಗೆ ಕುಶಲ ಕೇಳಿದೆ, ಮಕ್ಕಳಿಗೆ ಬುದ್ಧಿವಾದ ಹೇಳಿದೆ, ಸ್ವಾತಂತ್ರ್ಯ ದಿನದ ಭಾಷಣ ಮಾಡಿದೆ. ಮಾನ್ಯರೇ, ಮಹನೀಯರೇ ಎಂದು ಕಂಬಕ್ಕೇ ಸಂಬೋಧಿಸಿ ಮಾತಾಡಿದೆ. ಸಂಜೆ ಹೊತ್ತಿಗೆ ಒಂದು ಮೆತ್ತಗಿನ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಡುತ್ತಿದ್ದೆ. ಬೆಳಗ್ಗೆ ಕಂಬದ ಎದುರು ಒಯ್ದು ಹಿಡಿದರೆ, ಕಂಬ ಮಲಗಿದಲ್ಲೇ ಮಲಗಿರುತ್ತಿತ್ತು.

ಮಾತಿನ ಮಲ್ಲಿಯಾದ ನನಗೆ ಅವಮಾನವಾಯಿತು. ಮುಚ್ಚಿಡುವುದೇನು, ಕಂಬಕ್ಕೆ ಒಂದು ಸಲ ಕಾಲಿನಿಂದ ಒದ್ದೂ ನೋಡಿದೆ. ನನ್ನ ಹೆಬ್ಬೆರಳೇ ಊದಿಕೊಂಡಿತು. ಆಮೇಲೆ ಎಲ್ಲರೂ ಕೈಜೋಡಿಸಿದರು. ಸಾಹೇಬರು ಚರ್ಚಿನ ಗಾನವೃಂದದಲ್ಲಿ ಹಾಡುವವರು, ಒಂದು ಸ್ತೋತ್ರ ಹಾಡಿದರು. ಟೀವಿ ಅಜ್ಜಿಯರು ಸರದಿಯ ಪ್ರಕಾರ ಜೋಗುಳ ಹೇಳಿದರು. ಮೋನು ಬ್ಯಾರಿಯ ಕೈಗೆ ಕೊಟ್ಟಾಗ ನನಗೆ ಸ್ವಲ್ಪ ಆಸೆ ಇತ್ತು, ಇವನಾದರೂ ಬೀಳಿಸಿಯಾನು ಅಂತ. ಜೀವಮಾನದಲ್ಲಿ ಒಂದು ಫೋನನ್ನೂ ನೆಟ್ಟಗೆ ಹಿಡಿಯದ ಆ ಮನುಷ್ಯ ಅದನ್ನು ಎರಡೂ ಅಂಗೈಯಲ್ಲಿ ಹಕ್ಕಿಮರಿಯ ಹಾಗೆ ಹಿಡಿದುಕೊಂಡು, ಬೇಡ ದುಗ್ಗಕ್ಕ, ಎಲ್ಲಾದ್ರೂ ಬಿದ್ದೀತು ಎಂದು ನನಗೇ ವಾಪಸ್ ಕೊಟ್ಟ.

ಅಷ್ಟರಲ್ಲಿ ದೋಣಿಗಳು ಕಡಲಿಗೆ ಇಳಿಯದ ಮಳೆಗಾಲದ ರಜೆ ಮುಗಿಯುತ್ತಾ ಬಂತು. ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದರು, ಬಲೆ ಹೊಲಿಯುತ್ತಿದ್ದರು. ನಮ್ಮ ದಕ್ಕೆಯದ್ದೊಂದು ಪದ್ಧತಿ ಉಂಟು. ರಜೆ ಮುಗಿದು ದೋಣಿಗಳು ಮೊದಲ ಸಲ ಮೀನು ತಂದ ದಿನ, ಮೊದಲ ಬುಟ್ಟಿಯನ್ನು ಯಾರು ಕೂಗಿ ಮುಗಿಸುತ್ತಾರೋ ಮುಂದಿನ ಮಳೆಗಾಲದವರೆಗೆ ಏಲಂ ಕಟ್ಟೆ ಅವರದ್ದು. ಒಮ್ಮೆ ಕಟ್ಟೆ ತಪ್ಪಿದವನಿಗೆ ಮತ್ತೆ ಅದು ಸಿಕ್ಕಿದ್ದನ್ನು ಯಾರೂ ಕಂಡವರಿಲ್ಲ. ಐತಪ್ಪಣ್ಣ ಹಾಸಿಗೆ ಹಿಡಿದ ಮೇಲೆ ದಾಮು ಎಂಬ ಹುಡುಗ ಬದಲಿಗೆ ಕೂಗುತ್ತಿದ್ದ. ದಾಮು ಒಳ್ಳೆಯವನೇ, ಕೆಟ್ಟವನೆಂದರೆ ನನ್ನ ನಾಲಗೆ ಬಿದ್ದುಹೋದೀತು. ಮದುವೆಯಾಗಿ ಮಗುವಾದವನು, ಅವನಿಗೂ ಹೊಟ್ಟೆ ಉಂಟು. ಅವನೇ ಗೇಟಿನವರೆಗೆ ಬಂದು, ಐತಪ್ಪಣ್ಣ ಕೂಗುವುದಾದರೆ ನಾನು ಪಕ್ಕಕ್ಕೆ ನಿಲ್ಲುತ್ತೇನೆ, ಆದರೆ ಕೂಗುವವರೇ ಇಲ್ಲದೆ ಮೀನು ಬಿಸಿಲಲ್ಲಿ ಬಿದ್ದಿದ್ದರೆ ದೋಣಿಯವರು ಕೇಳುವುದಿಲ್ಲ ಎಂದು ಹೇಳಿಹೋದ. ನ್ಯಾಯದ ಮಾತು. ನ್ಯಾಯದ ಮಾತು ಕೇಳಿದರೆ ಕೆಲವು ಸಲ ಅನ್ಯಾಯದ ಮಾತಿಗಿಂತ ಹೆಚ್ಚು ಬೇಸರವಾಗುತ್ತದೆ.

ಐತಪ್ಪಣ್ಣ ದಿನಾ ಬಂದು ಕಂಬದಾಚೆ ನಿಲ್ಲುತ್ತಿದ್ದರು. ಮೊದಮೊದಲು ಕೈಯಾಡಿಸಿ ಏನಾದರೂ ತಮಾಷೆ ಮಾಡುತ್ತಿದ್ದರು. ಆಮೇಲೆ ಕೈಯೂ ಕಡಿಮೆಯಾಯಿತು. ಬೇಬಿಯಕ್ಕನಿಗೆ ಅರ್ಥ ಹೇಳಲು ಏನೂ ಸಿಗದೆ ಅವರು ನನ್ನ ಹತ್ತಿರ ಬಂದು ಕೂರತೊಡಗಿದರು. ಒಂದು ದಿನ ನಾನು ಮಷೀನು ಗಂಟಲಿಗೆ ಹಿಡಿದು, ಬಹು ವಿನಯದಿಂದ, ದಯಮಾಡಿ ಒಳಗೆ ಬರೋಣವಾಗಲಿ, ತಮ್ಮ ಆರೋಗ್ಯ ಹೇಗಿದೆ ಎಂದು ಒಂದು ಫ್ರಿಜ್ಜಿಗೆ ಹೇಳುತ್ತಿದ್ದೆ. ಬೇಬಿಯಕ್ಕ ಸ್ವಲ್ಪ ಹೊತ್ತು ಕೇಳಿದರು.

“ದುಗ್ಗಕ್ಕ, ಇದು ಯಾರ ದನಿ?” ಎಂದರು.

“ಯಾರದ್ದು ಅಂದ್ರೆ? ನಿಮ್ಮ ಯಜಮಾನ್ರದ್ದು.”

“ನಮ್ಮ ಯಜಮಾನ್ರು ಹುಟ್ಟಿದ ಮೇಲೆ ಯಾರಿಗೂ ದಯಮಾಡಿ ಅಂತ ಹೇಳಿದ್ದಿಲ್ಲ ಮಾರಾಯ್ರೆ. ನೀವು ಅದನ್ನು ಎತ್ತಿ ಇಡೋದು ನೋಡಿದ್ರೆ, ಒಳ್ಳೆ ನಿಮ್ಮದೇ ಚಿನ್ನದ ಸರ ಇಟ್ಟ ಹಾಗೆ ಇಡ್ತೀರಿ. ಇಲ್ಲಿರೋರೆಲ್ಲ ಹಾಗೆಯೇ. ಅವ್ರಿಗೆ ಮುಟ್ಲಿಕ್ಕೆ ಬಿಡುದಿಲ್ಲ ಅಂತೀರಿ, ನೀವೆಲ್ಲ ಅವ್ರೇ ಆಗಿ ಕೂತಿದ್ದೀರಲ್ಲ.”

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು, ಜೊತೆಗೇ ನಗೂ ಬಂತು. ನಿಜವೇ. ಒಡೆಯನೊಬ್ಬನನ್ನು ದೂರ ಇಟ್ಟು, ನಾವು ಇಡೀ ಅಂಗಳದವರು ಒಡೆಯರಾಗಿದ್ದೆವು. ಐತಪ್ಪಣ್ಣನ ಮೇಲಿನ ಪ್ರೀತಿಯಿಂದ ಆ ಮಷೀನಿಗೆ ಒಂದು ಗೀರು ಬೀಳಲು ಬಿಟ್ಟಿರಲಿಲ್ಲ, ಒಂದು ಕೆಟ್ಟ ಮಾತು ತಾಗಲು ಬಿಟ್ಟಿರಲಿಲ್ಲ. ಕಾವಲಿಗೆ ಎಣ್ಣೆಯ ಬದಲು ಗಂಧ ಹಚ್ಚಿ ಪೂಜೆ ಮಾಡುತ್ತಾ ಕೂತರೆ ದೋಸೆ ಎಲ್ಲಿಂದ ಏಳಬೇಕು? ಮೀನು ಕೂಗಬೇಕಾದ ಗಂಟಲನ್ನು ಮೀನಿನಿಂದಲೇ ಪಳಗಿಸಬೇಕು ಎಂದು ನಾನು ಎದ್ದು ನೇರ ಸಾಹೇಬರ ಕೋಣೆಗೆ ಹೋದೆ.

ನನ್ನ ಉಪಾಯ ಹೀಗಿತ್ತು. ಮೊದಲ ದಿನದ ಮೊದಲ ಬುಟ್ಟಿಯನ್ನು ದಕ್ಕೆಯ ಕಟ್ಟೆಗೆ ಒಯ್ಯದೆ ಗೇಟಿನ ಹೊರಗೆ ತಂದಿಡುವುದು. ಕಂಬದ ಆಚೆ ಐತಪ್ಪಣ್ಣ ನಿಂತು ಕೈಯಲ್ಲಿ ಹೇಳುವುದು, ಕಂಬದ ಈಚೆ ನಾನು ನಿಂತು ಮಷೀನಿನಲ್ಲಿ ಕೂಗುವುದು. ಕೈ ಅವರದ್ದು, ದನಿ ಅವರದ್ದು, ನನ್ನದು ಬರೀ ಬಾಯಿ. ಆದ್ದರಿಂದ ಕೂಗಿದ್ದು ಐತಪ್ಪಣ್ಣನೇ ಎಂದು ದೋಣಿಯವರು ಒಪ್ಪಬೇಕು. ದೋಣಿಯವರು ಒಂದು ದಿನ ಯೋಚಿಸಿ ಒಪ್ಪಿದರು. ಆ ಬುಟ್ಟಿ ಮುಗಿಯುವುದರೊಳಗೆ ಕಂಬ ಎದ್ದರೆ ಕಟ್ಟೆ ಐತಪ್ಪಣ್ಣನದ್ದು, ಏಳದಿದ್ದರೆ ಎರಡನೇ ಬುಟ್ಟಿಯಿಂದ ದಾಮು, ಮತ್ತೆ ಚರ್ಚೆ ಬೇಡ ಎಂದರು. ಸಾಹೇಬರು, ಮೀನು ವಿದೇಶದ್ದಲ್ಲವಾದ್ದರಿಂದ ಇಲಾಖೆಯ ಅಭ್ಯಂತರವಿಲ್ಲ ಎಂದು ಗಂಭೀರವಾಗಿ ಹೇಳಿ, ಒಳ್ಳೆಯ ಅಂಜಲ್ ಇದ್ದರೆ ನನಗೊಂದು ತೆಗೆದಿಡಿ ಎಂದೂ ಸೇರಿಸಿದರು.

ಆ ಬೆಳಗ್ಗೆ ಗೇಟಿನ ಎದುರು ಜಾತ್ರೆ. ಅಜ್ಜಿಯರು ಟೀವಿ ಬಿಟ್ಟು ಬಂದಿದ್ದರು, ವಾಷಿಂಗ್ ಮಷೀನುಗಳು ತಮ್ಮಷ್ಟಕ್ಕೆ ತಿರುಗುತ್ತಿದ್ದವು. ಬುಟ್ಟಿಯಲ್ಲಿ ಕಡಲಿನ ಹೊಸ ಬಂಗುಡೆ ಥಳಥಳ ಅನ್ನುತ್ತಿತ್ತು. ಐತಪ್ಪಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿ, ಮೀಸೆ ತಿರುವಿ ಬಂದಿದ್ದರು, ಆದರೆ ಮುಖ ಬಿಳುಚಿತ್ತು. ಕಟ್ಟೆಯೊಂದು ಹೋದರೆ ಈ ಮನುಷ್ಯ ನಾಳೆಯಿಂದ ಮನೆಯ ಜಗಲಿಯಲ್ಲಿ ಕೂತೇ ಮುಗಿದುಹೋಗುತ್ತಾರೆ ಎಂದು ನನಗೆ ಆ ಹೊತ್ತು ಖಾತ್ರಿಯಾಗಿ ಅನ್ನಿಸಿತು. ಮಷೀನು ಗಂಟಲಿಗೆ ಒತ್ತಿದೆ. ಅವರು ಬೆರಳು ಎತ್ತಿದರು. ನಾನು ಕೂಗಿದೆ.

ಕೂಗಿದೆ ಅಂದರೆ, ಕೂಗಬೇಕೆಂದು ಹೊರಟೆ. ನನ್ನ ಬಾಯಿಗೆ ಏನಾಗಿತ್ತೋ, ಬೈಗುಳದಲ್ಲಿ ಊರಿಗೇ ಹೆಸರಾದ ನಾನು, ಆ ದನಿ ಗಂಟಲಿಗೆ ತಾಗಿದ ಕೂಡಲೇ ಸ್ವಾಗತ ಭಾಷಣ ಮಾಡುವವಳ ಹಾಗಾದೆ. ಒಬ್ಬ ಹೋಟೆಲಿನವನು ಒಂದು ರೇಟು ಹೇಳಿದ. ಐತಪ್ಪಣ್ಣ ಅವನ ಹೊಟ್ಟೆಯತ್ತ ಕೈ ತೋರಿಸಿ ಏನೋ ಹಂಗಿಸಿದರು. ನಾನು ಮಷೀನಿನಲ್ಲಿ, ತಮಗೆ ಧನ್ಯವಾದ ಎಂದೆ. ಇನ್ನೊಬ್ಬ ಸ್ವಲ್ಪ ಏರಿಸಿದ. ಐತಪ್ಪಣ್ಣ ಇದು ಸಾಲದು ಎಂದು ಕೈ ಮೇಲೆ ಮೇಲೆ ಎತ್ತಿದರು. ನಾನು, ಅವರು ಸಂತೋಷಪಟ್ಟಿದ್ದಾರೆ ಎಂದೆ. ಜನ ಕಿಸಿಕಿಸಿ ನಗತೊಡಗಿದರು. ಅಷ್ಟರಲ್ಲಿ ಮೀನು ಹೊತ್ತು ಮಾರುವ ಒಂದು ಮುದುಕಿ ಮುಂದೆ ಬಂದು, ಬಹಳ ಕಡಿಮೆ ಹೇಳಿ, ನನ್ನ ಮುಖವನ್ನೇ ದೀನವಾಗಿ ನೋಡಿತು. ಆ ಮುದುಕಿಗೆ ಊರಲ್ಲಿ ಎರಡು ಮಾಳಿಗೆ ಮನೆ ಉಂಟೆಂದು ಆಮೇಲೆ ತಿಳಿಯಿತು. ಆಗ ನನಗೆ ಅಯ್ಯೋ ಅನ್ನಿಸಿತು. ಪಾಪ ಅಜ್ಜಿಗೆ ಕೊಟ್ಟುಬಿಡೋಣ, ಒಂದು ಸಲ, ಎರಡು ಸಲ, ಎಂದೆ.

ಮೂರನೆಯದು ನನ್ನ ಬಾಯಿಂದ ಬರಲಿಲ್ಲ. ಐತಪ್ಪಣ್ಣ ಎರಡೂ ಕೈಯಿಂದ ತಲೆ ಚಚ್ಚಿಕೊಂಡರು. ನೆಲಕ್ಕೆ ಕಾಲು ಅಪ್ಪಳಿಸಿದರು. ಮತ್ತೆ ನೋಡನೋಡುತ್ತಿದ್ದಂತೆ ಕಂಬದ ಮೇಲೆ ಹೊಟ್ಟೆಯೂರಿ ಈಚೆಗೆ ಬಾಗಿ, ನನ್ನ ಕೈಯಿಂದ ಮಷೀನನ್ನು ರಪ್ಪನೆ ಕಿತ್ತುಕೊಂಡರು. ಕೀಳುವಾಗ ಅದು ಕಂಬಕ್ಕೆ ಬಡಿದು ಬದಿಯಲ್ಲಿ ಬಣ್ಣ ಎದ್ದುಹೋಯಿತು. ಒಡೆಯನ ಕೈ ತಾಗಿತು, ಮುಗಿಯಿತು, ನಾವು ಮಾಡಿದ್ದೆಲ್ಲ ಮಣ್ಣುಪಾಲು ಎಂದು ಸಾಹೇಬರು ಕಣ್ಣು ಮುಚ್ಚಿಕೊಂಡರು. ಐತಪ್ಪಣ್ಣ ಅದನ್ನು ಒರೆಸಲಿಲ್ಲ, ತಿರುಗಿಸಿ ನೋಡಲಿಲ್ಲ, ಗೀರು ಬಿದ್ದದ್ದು ಅವರಿಗೆ ಕಾಣಲೂ ಇಲ್ಲ. ತಿಂಗಳುಗಟ್ಟಲೆ ಸದ್ದಿಲ್ಲದೆ ಬಾಯಾಡಿಸಿದವರಿಗೆ ಅದನ್ನು ಹಿಡಿಯುವುದು ಹೇಗೆಂದು ಯಾರೂ ಕಲಿಸಬೇಕಾಗಿರಲಿಲ್ಲ. ಗಂಟಲಿಗೆ ಒತ್ತಿದರು.

“ಎಂತ ಪಾಪ? ಯಾರು ಪಾಪ?” ಎಂದಿತು ಡಬ್ಬಿಯೊಳಗಿನ ದುಂಬಿ. “ದುಗ್ಗಕ್ಕ, ನೀವು ಮೀನು ಮಾರ್ಲಿಕ್ಕೆ ನಿಂತದ್ದಾ, ಮದುವೆಗೆ ಕರೀಲಿಕ್ಕೆ ನಿಂತದ್ದಾ? ಮಳೆ ಕಳೆದು ಕಡಲು ಕೊಟ್ಟ ಮೊದಲ ಬಂಗುಡೆ ಇದು. ಆ ಮುದುಕಿ ನನ್ನನ್ನೂ ನಿಮ್ಮನ್ನೂ ಕೊಂಡು ಮಾರಿಯಾಳು. ಬೇಕಾದವರು ಬಾಯಿ ಬಿಡಿ, ಬೇಡದವರು ದಾರಿ ಬಿಡಿ.”

ಆಗ ಕಂಬ ಎದ್ದಿತು. ಎಂದಿನ ಹಾಗೆ ನಿಧಾನವಾಗಿ, ಕಿರ್ರನೆ ಸದ್ದು ಮಾಡುತ್ತಾ ಎದ್ದಿತು. ಐತಪ್ಪಣ್ಣನ ಹೊಟ್ಟೆ ಇನ್ನೂ ಅದರ ಮೇಲೆಯೇ ಇದ್ದುದರಿಂದ ಅವರನ್ನೂ ಎತ್ತಿಕೊಂಡೇ ಎದ್ದಿತು. ಅವರ ಚಪ್ಪಲಿ ಕೆಳಗೆ ಉಳಿಯಿತು, ಕಾಲು ಗಾಳಿಯಲ್ಲಿ ತೇಲಿತು. ಅವರಿಗೆ ಅದರ ಪರಿವೆಯೇ ಇಲ್ಲ. ಒಂದು ಕೈಯಲ್ಲಿ ಕಂಬ ಅಪ್ಪಿ, ಇನ್ನೊಂದರಲ್ಲಿ ಮಷೀನು ಹಿಡಿದು, ಹೋಟೆಲಿನವನ ಹೊಟ್ಟೆಯಿಂದ ಶುರುಮಾಡಿ ಒಬ್ಬೊಬ್ಬರನ್ನೇ ಹಂಗಿಸುತ್ತಾ ರೇಟು ಏರಿಸಿದರು. ಎತ್ತರದಿಂದ ನೋಡಿದರೆ ಹಿಂದೆ ಅಡಗಿ ನಿಂತ ಕೊಳ್ಳುವವರೂ ಕಾಣುತ್ತಾರಲ್ಲ, ಅವರನ್ನೂ ಬಿಡಲಿಲ್ಲ. ಹಂಗಿಸಿಕೊಂಡವರು ನಕ್ಕು ನಕ್ಕು ಕೈ ಎತ್ತಿದರು. ಕೆಲವರು ಅಳುತ್ತಿದ್ದರು, ಅದರಲ್ಲಿ ಮೋನು ಬ್ಯಾರಿಯೂ ಒಬ್ಬ. ಕೊನೆಗೆ ಎಲ್ಲರಿಗಿಂತ ಮೇಲೆ ಕೂಗಿದವನು ದಾಮು. ಬುಟ್ಟಿ ಅವನಿಗೇ ಹೋಯಿತು. ಅವನು ಅದನ್ನು ತಲೆಯ ಮೇಲೆ ಹೊತ್ತುಕೊಂಡು, ನಾಳೆಯಿಂದ ನಾನು ಮೀನು ಮಾರುತ್ತೇನೆ, ಕೂಗಿ ಕೂಗಿ ನನ್ನ ಗಂಟಲೂ ಸಾಕಾಗಿತ್ತು ಎಂದ. ಪೂರ್ತಿ ನಿಜವೋ ಅಲ್ಲವೋ, ಹೇಳಿದ ರೀತಿ ಚೆನ್ನಾಗಿತ್ತು.

ಇಷ್ಟು ಹೊತ್ತೂ ಕೆಳಗಿನಿಂದ ಬೇಬಿಯಕ್ಕನ ಬಾಯಿ ನಿಂತಿರಲಿಲ್ಲ. ಇಳಿಯಿರಿ ಎಂದರು, ಬೀಳ್ತೀರಿ ಎಂದರು, ಸೊಂಟ ಮುರಿದರೆ ಅದಕ್ಕೂ ಹೊರದೇಶದಿಂದ ಮಷೀನು ತರಿಸಬೇಕಾ ಎಂದರು. ಅವರು ಕಾಲು ಆಡಿಸುತ್ತಿದ್ದಾರೆ, ಅದರರ್ಥ ಹೀಗೆ ಎಂದು ಅಭ್ಯಾಸಬಲದಿಂದ ಜನರಿಗೆ ವಿವರಿಸುತ್ತಲೂ ಇದ್ದರು. ಎರಡನೆಯ ಬುಟ್ಟಿಯನ್ನು ಯಾರೋ ತಂದಿಟ್ಟರು. ಐತಪ್ಪಣ್ಣ ಮಷೀನನ್ನು ಗಂಟಲಿಗೆ ಒತ್ತಿ, ಕೆಳಗೆ ನೋಡಿದರು.

“ಬೇಬಿ, ನೀನೊಮ್ಮೆ ಸುಮ್ನಿರು ಮಾರಾಯ್ತಿ.”

ಬೇಬಿಯಕ್ಕನ ಮಾತು ಅರ್ಧಕ್ಕೇ ನಿಂತಿತು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ಮೊದಲು ತಿಳಿಯಲಿಲ್ಲ, ಎರಡೂ ಆಗಿತ್ತು. ಜನ ದಾರಿ ಬಿಟ್ಟರು. ಅವರು ಕಂಬದ ಬುಡಕ್ಕೆ ಬಂದು, ತಲೆ ಎತ್ತಿ, ಗಂಡನ ಬರಿಗಾಲುಗಳ ಆಚೆಗೆ ಅವರ ಮುಖವನ್ನು ಹುಡುಕಿದರು.

“ಎಂತ ಹೇಳಿದ್ರಿ?” ಎಂದರು. “ಇನ್ನೊಮ್ಮೆ ಹೇಳಿ.”

ಐತಪ್ಪಣ್ಣ ಇನ್ನೊಮ್ಮೆ ಹೇಳಿದರು, ಈ ಸಲ ಮೆಲ್ಲಗೆ. ಬೇಬಿಯಕ್ಕ ಒಂದೂ ಮಾತಾಡದೆ ನಿಂತು ಕೇಳಿದರು.